ಸಾವಿ ಅಕ್ಕಿ ಹಸನು ಮಾಡುವವರ ಚರಿತ್ರೆ: ಒಳಕಲ್ಲಿನಿಂದ ತೀರ್ಥದ ಸೌರ ಯಂತ್ರದ ತನಕ

2025ರ ಆಗಸ್ಟ್ ತಿಂಗಳಲ್ಲಿ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಹೆಸರು ಪತ್ರಿಕೆಗಳಲ್ಲಿ ಬಂತು. ಅಲ್ಲಿನ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ ಈಕ್ವೇಟರ್ ಪ್ರಶಸ್ತಿ ಸಿಕ್ಕಿತ್ತು. ಇದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಕೊಡುವ ಪ್ರಶಸ್ತಿ. ಜಗತ್ತಿನ ಬೇರೆ ಬೇರೆ ದೇಶಗಳಿಂದ ನೂರಾರು ಸಂಘಟನೆಗಳು ಅರ್ಜಿ ಹಾಕಿದ್ದವು, ಆಯ್ಕೆಯಾದವು ಹತ್ತು. ಬಹುಮಾನದ ಮೊತ್ತ 10,000 ಡಾಲರ್, ನಮ್ಮ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮಿಕ್ಕಿ.

ಸಂಘ ಶುರುವಾದದ್ದು 2018ರಲ್ಲಿ, ಹದಿನೈದು ಮಂದಿ ಹೆಣ್ಣುಮಕ್ಕಳಿಂದ. ಅವರು ಮಾಡಿದ ಕೆಲಸ ಕೇಳಲಿಕ್ಕೆ ಸಣ್ಣದು. ಸಾವಿ, ನವಣಿಯಂಥ ಧಾನ್ಯಗಳ ಬೀಜ ಕೂಡಿಟ್ಟರು. ಸುತ್ತಲಿನ ರೈತರಿಗೆ ಬಿತ್ತಲಿಕ್ಕೆ ಕೊಟ್ಟರು. ಬೆಳೆದು ಬಂದ ಕಾಳಿನ ಹೊಟ್ಟು ತೆಗೆದು, ಅಕ್ಕಿ ಮಾಡಿ ಮಾರಿದರು. ಬೆಂಗಳೂರಿನ ಸಹಜ ಸಮೃದ್ಧ ಸಂಸ್ಥೆ, ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಸೆಲ್ಕೋ ಫೌಂಡೇಶನ್ ಇವರ ಬೆನ್ನಿಗೆ ನಿಂತವು. ಈಗ ಸುಮಾರು ಮೂವತ್ತು ಹಳ್ಳಿಗಳ ತನಕ ಇವರ ಕೆಲಸ ಹರಡಿದೆ.

ಸುದ್ದಿಯಲ್ಲಿ ಬಂದದ್ದು ಇಷ್ಟು. ನನಗೆ ಅದಕ್ಕಿಂತ ಹಿಂದಿನ ಪ್ರಶ್ನೆ ದೊಡ್ಡದು ಅನ್ನಿಸುತ್ತದೆ. ನಮ್ಮ ಹೊಲದಲ್ಲೇ ಇದ್ದ ಸಾವಿ ಯಾಕೆ ಹೋಯಿತು? ಹೋದದ್ದನ್ನು ಮರಳಿ ತರಲಿಕ್ಕೆ ಒಂದು ಯಂತ್ರ ಯಾಕೆ ಬೇಕಾಯಿತು? ಇದು ಗೊತ್ತಾಗದೆ ಪರಿಸರಕ್ಕೆ ಹೊಂದುವ ಸಣ್ಣ ಆಹಾರ ಉದ್ಯಮ ಅಂತ ಎಷ್ಟು ತರಬೇತಿ ಕೊಟ್ಟರೂ ಉಪಯೋಗ ಕಡಿಮೆ.

ಮೊದಲು ಹೊಲದಿಂದ ಶುರು ಮಾಡೋಣ.

1884ರಲ್ಲಿ ಮುಂಬಯಿ ಸರಕಾರ ಧಾರವಾಡ ಜಿಲ್ಲೆಯ ಗ್ಯಾಸೆಟಿಯರ್ ಅಚ್ಚು ಹಾಕಿಸಿತು. ಜಿಲ್ಲೆಯ ಬೆಳೆಗಳ ಪಟ್ಟಿಯಲ್ಲಿ ಜೋಳ, ಹತ್ತಿ, ಗೋಧಿಯ ಜೊತೆ ನವಣಿ ಮತ್ತು ಸಾವಿಯೂ ಇವೆ. ಕುಂದಗೋಳ ಆಗ ಬ್ರಿಟಿಷರ ಕೈಯಲ್ಲಿ ಇರಲಿಲ್ಲ, ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಆದರೆ ಮಣ್ಣಿಗೆ ಸಂಸ್ಥಾನ ಗೊತ್ತಿಲ್ಲ. ಎರಿ ಹೊಲದಲ್ಲಿ ಜೋಳ, ಹತ್ತಿ, ಕಡಲೆ. ಮಸಾರಿ ಹೊಲದಲ್ಲಿ, ತೆಳು ಮಣ್ಣಿನ ದಿನ್ನೆಯಲ್ಲಿ ಸಾವಿ, ನವಣಿ. ಒಳ್ಳೆ ಮಣ್ಣು ಬೇಡದ ಬೆಳೆಗಳು ಇವು. ಮುಂಗಾರಿನ ಮೊದಲ ಮಳೆಗೆ ಕೂರಿಗಿ ಹೂಡಿದರೆ ಮೂರು ತಿಂಗಳ ಹೊತ್ತಿಗೆ ಕೈಗೆ ಬರುತ್ತವೆ. ನಡುವೆ ಎರಡು ವಾರ ಮಳೆ ಕೈಕೊಟ್ಟರೂ ಸಾಯುವುದಿಲ್ಲ. ಹುಲ್ಲು ಎತ್ತಿಗೆ ಮೇವು.

ಬರ ಬಂದಾಗ ಈ ಕಾಳಿನ ಬೆಲೆ ತಿಳಿಯುತ್ತಿತ್ತು. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ಸಾಲಾಗಿ ಜೋಡಿಸಿದ ನೂರಾರು ತಲೆಬುರುಡೆ ಸಿಕ್ಕದ್ದು ಬಹಳ ಜನರಿಗೆ ನೆನಪಿರಬೇಕು. ಮೊದಮೊದಲು ಯುದ್ಧ, ಕಗ್ಗೊಲೆ ಅಂತೆಲ್ಲ ಮಾತು ಬಂದವು. ಕೊನೆಗೆ ಪುರಾತತ್ವ ಇಲಾಖೆ ಅವನ್ನು 1790ರ ದಶಕದ ಡೋಗಿ ಬರದೊಂದಿಗೆ ಜೋಡಿಸಿತು. ಸತ್ತವರನ್ನು ಹೂಳಲಿಕ್ಕೂ ಜನ ಉಳಿಯದೆ ಬಯಲೆಲ್ಲ ಬುರುಡೆ ಆದದ್ದಕ್ಕೆ ಆ ಬರಕ್ಕೆ ಆ ಹೆಸರು. 1876ರಿಂದ 1878ರ ಬರವೂ ನಮ್ಮ ಜಿಲ್ಲೆಯನ್ನು ಹಣ್ಣು ಮಾಡಿತು.

ಇಂಥ ನೆಲದಲ್ಲಿ ಜನ ಎರಡು ಉಪಾಯ ಮಾಡಿಕೊಂಡಿದ್ದರು. ಒಂದು, ಒಂದೇ ಹೊಲದಲ್ಲಿ ಹಲವು ಬೆಳೆ. ನಮ್ಮ ಭಾಗದ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರೂ ಕೂಡಿದ ಬೇಸಾಯ ಇವತ್ತಿಗೂ ಕುಂದಗೋಳದ ಕಡೆ ಕಾಣುತ್ತದೆ. ಉಳ್ಳಾಗಡ್ಡಿ ಮೊದಲು ಏಳುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಸಾವಿ, ನವಣಿಯ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದೂ ಇದೇ ಲೆಕ್ಕ. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತದೆ.

ಎರಡನೆಯದು ಹಗೇವು. ಇವತ್ತಿನ ಹುಡುಗರಿಗೆ ಹಗೇವು ಅಂದರೆ ಏನಂತ ಹೇಳಬೇಕಾಗುತ್ತದೆ. ನೆಲದಲ್ಲಿ ಆಳ ಗುಂಡಿ ತೋಡಿ, ಸುತ್ತ ಹುಲ್ಲು ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮೇಲೆ ಮಣ್ಣು ಮೆತ್ತುವುದು. ಒಳಗಿನ ಕಾಳು ಉಸಿರಾಡಿ ಇದ್ದ ಪ್ರಾಣವಾಯುವನ್ನು ತೀರಿಸಿಬಿಡುತ್ತದೆ, ಇಂಗಾಲದ ಗಾಳಿ ತುಂಬಿಕೊಳ್ಳುತ್ತದೆ. ಆ ಗಾಳಿಯಲ್ಲಿ ಹುಳ ಬದುಕುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ, ಅದಕ್ಕೆ ಹಗೇವು ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ತಾಸುಗಟ್ಟಲೆ ಬಾಯಿ ತೆರೆದಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಒಬ್ಬ ಇಳಿಯುತ್ತಿದ್ದ. ಔಷಧದ ಗುಳಿಗೆ ಇಲ್ಲ, ಪ್ಲಾಸ್ಟಿಕ್ ಚೀಲ ಇಲ್ಲ, ಕರೆಂಟ್ ಇಲ್ಲ. ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ.

ಸಾವಿಗೆ ಹಗೇವೂ ಬೇಕಿರಲಿಲ್ಲ. ಅದರ ಮೈಮೇಲಿನ ಗಟ್ಟಿ ಹೊಳೆಯುವ ಹೊಟ್ಟೇ ಅದಕ್ಕೆ ಕವಚ. ಹೊಟ್ಟು ಇರುವ ತನಕ ಹುಳ ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಕಥೆಯೆಲ್ಲ ಇರುವುದು ಈ ಹೊಟ್ಟಿನಲ್ಲಿ. ಕಾಳನ್ನು ಕಾಯುವುದೂ ಅದೇ, ಸಾವಿಯನ್ನು ನಮ್ಮ ತಾಟಿನಿಂದ ಓಡಿಸಿದ್ದೂ ಅದೇ.

ಜೋಳಕ್ಕೆ ಹೊಟ್ಟು ಬಿಡಿಸುವ ಕೆಲಸ ಇಲ್ಲ. ರಾಶಿ ಮಾಡಿದರೆ ಕಾಳು ಬಿತ್ತು, ಬೀಸಿದರೆ ಹಿಟ್ಟು, ಬಡಿದರೆ ರೊಟ್ಟಿ. ಸಾವಿ ಹಾಗಲ್ಲ. ಒಳಕಲ್ಲಿಗೆ ಹಾಕಿ ಒನಕಿಯಿಂದ ಕುಟ್ಟಬೇಕು, ಮರದಲ್ಲಿ ಕೇರಬೇಕು, ಹೊಟ್ಟು ಹಾರಿಸಬೇಕು, ಬಿಡದೆ ಉಳಿದ ಕಾಳನ್ನು ಮತ್ತೆ ಕುಟ್ಟಬೇಕು. ಹೀಗೆ ಎರಡು ಮೂರು ಸಲ. ಜೋರಾಗಿ ಕುಟ್ಟಿದರೆ ನುಚ್ಚು, ಮೆಲ್ಲಗೆ ಕುಟ್ಟಿದರೆ ಹೊಟ್ಟು ಹಾಗೇ. ಇದನ್ನು ಮಾಡುತ್ತಿದ್ದವರು ಯಾರು ಅಂತ ಹೇಳಬೇಕಾಗಿಲ್ಲ. ಬೆಳಗಿನ ಜಾವ ಎದ್ದು ಬೀಸುವುದು, ಕುಟ್ಟುವುದು, ಆಮೇಲೆ ಹೊಲದ ಕೆಲಸ, ಮರಳಿ ಬಂದು ಒಲೆ. ಬೀಸುವ, ಕುಟ್ಟುವ ಹಾಡುಗಳನ್ನು ಜಾನಪದ ಅಂತ ನಾವು ಹೊಗಳುತ್ತೇವೆ. ಆ ಹಾಡು ಹುಟ್ಟಿದ್ದು ತೋಳು ಸೋತ ಹೊತ್ತಿನಲ್ಲಿ ಅನ್ನುವುದನ್ನು ಮಾತ್ರ ವೇದಿಕೆ ಮೇಲೆ ಯಾರೂ ಹೇಳುವುದಿಲ್ಲ.

ಹಾಗಾಗಿ ಹಳ್ಳಿಗೆ ಹಿಟ್ಟಿನ ಗಿರಣಿ ಬಂದಾಗ ಜೋಳ ಉಳಿಯಿತು, ಸಾವಿ ಹಿಂದೆ ಬಿತ್ತು. ಗಿರಣಿ ಜೋಳವನ್ನು ಬೀಸಿಕೊಡುತ್ತಿತ್ತು, ಸಾವಿಯ ಹೊಟ್ಟು ತೆಗೆಯುತ್ತಿರಲಿಲ್ಲ. ಭತ್ತಕ್ಕೆ ಹಲ್ಲರ್ ಬಂತು, ಅದು ಈ ಸಣ್ಣ ಕಾಳಿಗೆ ಹೊಂದಲಿಲ್ಲ. ಹಣ ಕೊಟ್ಟರೆ ಬಿಳಿ ಅಕ್ಕಿ ಅಂಗಡಿಯಲ್ಲಿ ಸಿಗುವಾಗ ಸಾವಿ ಯಾರು ಕುಟ್ಟುತ್ತಾರೆ? ಮುಂದೆ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿಯೇ ಬಂತು. 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಅದು ಕಿಲೋಗೆ ಒಂದು ರೂಪಾಯಿಗೆ ಇಳಿಯಿತು. ಹೆಣ್ಣುಮಕ್ಕಳನ್ನು ಇದಕ್ಕೆ ದೂರುವವರನ್ನು ನಾನು ನೋಡಿದ್ದೇನೆ, ಈಗಿನವರಿಗೆ ಮೈ ಬಗ್ಗುವುದಿಲ್ಲ ಅಂತ. ದೂರುವವರು ಒಂದು ವಾರ ಒನಕಿ ಹಿಡಿಯಲಿ.

ಇದು ಅಡುಗೆಮನೆಯ ಕಡೆಯ ಕಥೆ. ಹೊಲದ ಕಡೆ ಹತ್ತಿಯ ಕಥೆ ಇದೆ.

1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿತು. ನ್ಯೂ ಆರ್ಲಿಯನ್ಸ್ ಬೀಜ ನಮ್ಮ ಎರಿ ಮಣ್ಣಿಗೆ ಹಿಡಿಯಿತು, ಅದಕ್ಕೆ ಧಾರವಾಡ ಅಮೆರಿಕನ್ ಅಂತಲೇ ಹೆಸರು ಬಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ನಿಂತಾಗ ಇಲ್ಲಿ ಬೆಲೆ ಏರಿತು, ಹತ್ತಿ ಹೊಲ ಹಿಗ್ಗಿತು. ಧಾರವಾಡದ ಹತ್ತಿ ಸಾಗಿಸಲಿಕ್ಕೆ ಅಂತಲೇ ಕಾರವಾರ ಬಂದರಿನ ಕಡೆ ಸರಕಾರದ ಕಣ್ಣು ಬಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಏಳು ಸಮುದ್ರದಾಚೆಯ ಜಗಳಕ್ಕೆ ನಮ್ಮ ಹೊಲದ ಬೆಳೆ ಬದಲಾಗುವುದು ಆಗಲೇ ಶುರುವಾಗಿತ್ತು.

ಆದರೂ ನೂರು ವರ್ಷ ಸಾವಿ ಉಳಿದಿತ್ತು. ಜಯಧರದಂಥ ದೇಶಿ ತಳಿಯ ಹತ್ತಿ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು, ಪಕ್ಕದ ಸಾಲಿಗೆ ಜಾಗ ಬಿಡುತ್ತಿತ್ತು. ಲೆಕ್ಕ ಬದಲಾದದ್ದು 1970ರ ನಂತರ. 1972ರಲ್ಲಿ ಧಾರವಾಡದಲ್ಲೇ ಡಾ. ಬಿ. ಎಚ್. ಕಟರಕಿ ಅವರು ವರಲಕ್ಷ್ಮಿ ಅನ್ನುವ ಸಂಕರಣ ಹತ್ತಿ ತಂದರು, 1981ರಲ್ಲಿ ಜಯಲಕ್ಷ್ಮಿ ಅಂತ ನಾವು ಕರೆಯುವ ಡಿಸಿಎಚ್-32 ಬಂತು. ಉದ್ದ ಎಳೆಯ ಈ ಹತ್ತಿ ಕೈತುಂಬ ರೊಕ್ಕ ತಂದದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಜೊತೆಗೆ ಪ್ರತಿ ವರ್ಷ ಬೀಜ ಕೊಳ್ಳುವುದು, ಗೊಬ್ಬರ, ಎಣ್ಣೆ ಹೊಡೆಯುವುದು ಬಂದವು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಬೀಜ ಪೂರ್ತಿ ಪ್ಯಾಕೆಟ್ಟಿನ ಮಾಲಾಯಿತು. ನವಲಗುಂದ ಕಡೆ ಮಲಪ್ರಭಾ ಕಾಲುವೆ ಬಂದು ಬೆಳೆಯ ರೀತಿ ಇನ್ನಷ್ಟು ಬದಲಾಯಿತು. ಆ ಕಾಲುವೆಯ ಕರದ ಸಿಟ್ಟು 1980ರ ಜುಲೈ 21ರಂದು ಗೋಲಿಬಾರಿಗೆ ಹೋದದ್ದು ಬೇರೆಯೇ ಬರೆಯಬೇಕಾದ ಕಥೆ. ಕುಂದಗೋಳ ಬಹುಮಟ್ಟಿಗೆ ಮಳೆ ನೆಚ್ಚಿಕೊಂಡೇ ಉಳಿಯಿತು. ಮಳೆಯ ಹೊಲದಲ್ಲಿ ನೀರಾವರಿಯ ಖರ್ಚು ಮಾಡುವುದು ಎಂಥ ಜೂಜು ಅಂತ ಸಾಲ ಮಾಡಿದ ಮನೆಗಳಿಗೆ ಗೊತ್ತು.

ಬೀಜ ಹೋಗುವುದು ಹೀಗೆ: ಒಂದು ವರ್ಷ ಬಿತ್ತಲಿಲ್ಲ, ಎರಡನೇ ವರ್ಷ ಗಡಿಗೆಯಲ್ಲಿದ್ದದ್ದು ಹುಟ್ಟಲಿಲ್ಲ, ಮೂರನೇ ವರ್ಷ ಕೇಳಿದರೆ ಊರಲ್ಲೇ ಇಲ್ಲ. ಕೃಷಿ ಇಲಾಖೆಯ ಅಂಗಡಿಯಲ್ಲಿ ಹತ್ತಿ, ಗೋವಿನಜೋಳ, ಹೆಸರು ಸಿಕ್ಕಾವು. ನಿಮ್ಮಜ್ಜನ ಹೊಲದ ಸಾವಿ ಸಿಗುವುದಿಲ್ಲ.

ಇಷ್ಟು ತಿಳಿದ ಮೇಲೆ ತೀರ್ಥದ ಹೆಣ್ಣುಮಕ್ಕಳು ಯಾವ ತುದಿಯಿಂದ ಹಿಡಿದರು ನೋಡ್ರಿ. ಮೊದಲು ಬೀಜ ಬ್ಯಾಂಕ್. ಬೀಜ ಒಯ್ದವರು ಸುಗ್ಗಿಯಲ್ಲಿ ಬೀಜವನ್ನೇ ಮರಳಿ ಕೊಡುವುದು ಸಮುದಾಯ ಬೀಜ ಬ್ಯಾಂಕುಗಳ ಪದ್ಧತಿ. ಬಡ್ಡಿಯೂ ಬೀಜವೇ. ಅದರ ಜೊತೆ ಮಿಶ್ರ ಬೆಳೆ, ಅಂದರೆ ಹಳೇ ಅಕ್ಕಡಿಯೇ. ಕೊನೆಗೆ ಹೊಟ್ಟು ತೆಗೆಯುವ ಘಟಕ, ಅದೂ ಸೌರಶಕ್ತಿಯಿಂದ ನಡೆಯುವಂಥದ್ದು, ಹೆಣ್ಣುಮಕ್ಕಳೇ ನಡೆಸುವಂಥದ್ದು. ಮಾರಾಟಕ್ಕೆ ರೈತ ಉತ್ಪಾದಕ ಕಂಪನಿಯ ಜೋಡಣೆ.

ಒನಕಿಯ ಕೆಲಸವನ್ನು ಯಂತ್ರಕ್ಕೆ ಕೊಡದೆ ಸಾವಿ ಬೆಳೆಯಿರಿ ಅಂತ ಹೇಳಿದ್ದರೆ ಆ ಕೆಲಸ ಮತ್ತೆ ಅದೇ ತೋಳುಗಳ ಮೇಲೆ ಬೀಳುತ್ತಿತ್ತು, ಮತ್ತೆ ಅದೇ ರೀತಿ ಬಿಟ್ಟುಹೋಗುತ್ತಿತ್ತು. ಈ ಘಟಕದ ನಿಜವಾದ ಬೆಲೆ ಅದರಲ್ಲಿದೆ ಅಂತ ನನ್ನ ಎಣಿಕೆ. ಸೌರ ಫಲಕ ಫೋಟೋಕ್ಕೆ ಚೆಂದ, ಆದರೆ ಅದರ ಉಪಯೋಗ ಬೇರೆ: ಹಳ್ಳಿಯಲ್ಲಿ ಕರೆಂಟ್ ಯಾವಾಗ ಬರುತ್ತದೆ ಅಂತ ಕಾಯ್ದು ರಾತ್ರಿ ಯಂತ್ರ ಓಡಿಸುವುದು ಹೆಣ್ಣುಮಕ್ಕಳಿಗೆ ಆಗದ ಮಾತು. ಬಿಸಿಲಿದ್ದಾಗ, ಹಗಲು ಹೊತ್ತಿನಲ್ಲಿ ಕೆಲಸ ಮುಗಿದರೆ ಮಾತ್ರ ಉದ್ಯಮ ಅವರದಾಗಿ ಉಳಿಯುತ್ತದೆ.

ದೇಶದಲ್ಲಿ ಗಾಳಿಯೂ ಅದೇ ಹೊತ್ತಿಗೆ ಬೀಸಿತು. ಸಂಘ ಹುಟ್ಟಿದ 2018ನ್ನೇ ಭಾರತ ಸರಕಾರ ರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಸಾರಿತ್ತು. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ರಾಜ್ಯ ಸರಕಾರದ ರೈತಸಿರಿ ಯೋಜನೆಯಲ್ಲಿ ಸಾವಿ, ನವಣಿ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಬಂತು. ಮೈಸೂರಿನ ಡಾ. ಖಾದರ್ ಅವರ ಭಾಷಣ ಕೇಳಿ ಪೇಟೆಯ ಜನ ಸಿರಿಧಾನ್ಯ ಹುಡುಕಲಿಕ್ಕೆ ಹತ್ತಿದರು. ಬಡವರ ಕಾಳು ಸಕ್ಕರೆ ಕಾಯಿಲೆಯವರ ಕಾಳಾಯಿತು.

ಇಲ್ಲಿ ಒಂದು ಗಂಟು ಇದೆ. ಬೇಡಿಕೆ ಏರಿದಾಗ ಬಹಳ ಕಾಳು ಹೊರ ರಾಜ್ಯದ ದೊಡ್ಡ ಗಿರಣಿಗಳಿಗೆ ಲಾರಿಯಲ್ಲಿ ಹೋಗಿ, ಅಲ್ಲಿ ಹೊಳಪು ಬರುವಂತೆ ಪಾಲಿಶ್ ಆಗಿ, ಬಣ್ಣದ ಪ್ಯಾಕೆಟ್ಟಿನಲ್ಲಿ ಹುಬ್ಬಳ್ಳಿಗೆ ಮರಳಿ ಬರುತ್ತದೆ. ಮಳೆಯ ಹೊಲದಲ್ಲಿ ಔಷಧ ಇಲ್ಲದೆ ಬೆಳೆದ ಕಾಳು ಎರಡು ಸಲ ಡೀಸೆಲ್ ಕುಡಿದು ಬಂದರೆ ಪರಿಸರದ ಲೆಕ್ಕ ಎಲ್ಲಿ ಉಳಿಯಿತು? ಪಾಲಿಶ್ ಮಾಡಿದಾಗ ಹೋಗುವ ತೌಡಿನಲ್ಲೇ ನಾರು, ಸತ್ವ ಇರುವುದು. ಪಾಲಿಶ್ ಮಾಡುವವರಿಗೂ ಒಂದು ಕಾರಣ ಇದೆ, ಅದನ್ನೂ ಹೇಳಬೇಕು. ತೌಡಿನಲ್ಲಿ ಎಣ್ಣೆಯ ಅಂಶ ಇರುತ್ತದೆ. ಹೊಟ್ಟು ಹೋಗಿ ತೌಡು ಉಳಿದ ಅಕ್ಕಿ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಹೊಡೆಯುತ್ತದೆ, ಹುಳವೂ ಬೇಗ ಬೀಳುತ್ತದೆ. ದೂರದ ಅಂಗಡಿಯ ಕಪಾಟಿನಲ್ಲಿ ಆರು ತಿಂಗಳು ಕೂರಬೇಕಾದ ಮಾಲು ಹಾಗಿದ್ದರೆ ನಡೆಯುವುದಿಲ್ಲ.

ಸಣ್ಣ ಉದ್ಯಮಕ್ಕೆ ದಾರಿ ಇರುವುದು ಇದೇ ಸಂದಿಯಲ್ಲಿ. ಊರಿನ ಘಟಕ ಆರು ತಿಂಗಳ ಮಾಲು ಮಾಡಬೇಕಾಗಿಲ್ಲ. ಕಾಳನ್ನು ಹೊಟ್ಟಿನ ಸಮೇತ ಇಟ್ಟುಕೊಳ್ಳಬಹುದು, ಹಿಂದಿನವರು ಇಟ್ಟ ಹಾಗೆ. ಬೇಡಿಕೆ ಬಂದಷ್ಟು ಮಾತ್ರ ವಾರಕ್ಕೊಮ್ಮೆ ಹೊಟ್ಟು ತೆಗೆಯಬಹುದು. ಹೀಗೆ ಮಾಡಿದರೆ ಗುಳಿಗೆ ಬೇಡ, ಪಾಲಿಶ್ ಬೇಡ, ಅದಕ್ಕೆ ಸುಡುವ ವಿದ್ಯುತ್ ಬೇಡ. ಒಂದು ಕ್ವಿಂಟಲ್ ಸಾವಿ ಹಾಕಿದರೆ ಸುಮಾರು 60ರಿಂದ 70 ಕಿಲೋ ಅಕ್ಕಿ ಬರುತ್ತದೆ, ಉಳಿದದ್ದು ಹೊಟ್ಟು, ನುಚ್ಚು, ತೌಡು. ಕಾಳು ಹೊರ ರಾಜ್ಯಕ್ಕೆ ಹೋದರೆ ಆ ಮೂವತ್ತು ನಲವತ್ತು ಕಿಲೋ ಅಲ್ಲೇ ಉಳಿಯುತ್ತದೆ. ಊರಲ್ಲೇ ಆದರೆ ನುಚ್ಚು ಮನೆಗೆ, ತೌಡು ಎಮ್ಮೆಗೆ, ಹೊಟ್ಟು ಕೊಟ್ಟಿಗೆಗೆ, ಅಲ್ಲಿಂದ ತಿಪ್ಪೆಗೆ, ತಿಪ್ಪೆಯಿಂದ ಅದೇ ಹೊಲಕ್ಕೆ.

ಬಿಡಿಸಲಾರದ ತೊಡಕು ಪ್ಯಾಕೆಟ್ಟಿನದು. ಕರ್ನಾಟಕ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಕೆಲವು ಸಾಮಾನುಗಳಿಗೆ ನಿಷೇಧ ಬಂತು. ಆದರೂ ನಮ್ಮ ಸ್ವಸಹಾಯ ಸಂಘಗಳ ಮೇಳಕ್ಕೆ ಹೋಗಿ ನೋಡ್ರಿ: ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ, ನವಣಿ ಉಂಡಿ, ಎಲ್ಲ ಪ್ಲಾಸ್ಟಿಕ್ ಒಳಗೇ. ಅವರನ್ನು ಬೈದರೆ ತಪ್ಪಾಗುತ್ತದೆ. ತೇವ ತಡೆಯುವ ಬೇರೆ ಅಗ್ಗದ ಹೊದಿಕೆ ಹಳ್ಳಿಯ ಸಂಘಕ್ಕೆ ಕೈಗೆಟುಕುವಂತಿಲ್ಲ. ಬೆಳ್ಳಿ ಬಣ್ಣದ ಪದರದ ಪ್ಯಾಕೆಟ್ಟು ಮಾಲನ್ನು ಚೆನ್ನಾಗಿ ಕಾಯುತ್ತದೆ, ಆದರೆ ಪದರ ಬಿಡಿಸಲಿಕ್ಕೆ ಆಗದ್ದರಿಂದ ಗುಜರಿಯವರೂ ಒಯ್ಯುವುದಿಲ್ಲ. ಕೊನೆಗೆ ಬೆಣ್ಣಿಹಳ್ಳದಲ್ಲಿ ತೇಲುತ್ತದೆ. ದೂರದ ಗಿರಾಕಿಗೆ ಪ್ಯಾಕೆಟ್ಟು ಬೇಕೇ ಬೇಕು ಅನ್ನೋಣ. ಹತ್ತು ಹದಿನೈದು ಕಿಲೋಮೀಟರ್ ಒಳಗಿನ ಗಿರಾಕಿಗೆ ಬೇಡ. ಕುಂದಗೋಳ, ಕಲಘಟಗಿ ಸಂತೆಯಲ್ಲಿ ಅಕ್ಕಿ, ಬೇಳೆ ಚೀಲದಿಂದ ಅಳೆದು ಕೊಡುವುದು ಇನ್ನೂ ನಿಂತಿಲ್ಲ. ಸಾವಿ ಅಕ್ಕಿಯನ್ನೂ ಅಲ್ಲಿ ಹಾಗೇ ಇಟ್ಟು ಗಿರಾಕಿಯ ಡಬ್ಬಿಗೆ ಅಳೆದು ಹಾಕಿದರೆ ಪ್ಯಾಕೆಟ್ಟಿನ ಖರ್ಚು ಉಳಿಯುತ್ತದೆ, ಬೆಲೆ ಇಳಿಸಬಹುದು. ಬೆಲೆ ಇಳಿದರೆ ಮಾತ್ರ ಬೆಳೆದ ಊರಿನವರು ಅದನ್ನು ಉಣ್ಣುವುದು.

ಯಂತ್ರ ಕೊಳ್ಳಲಿಕ್ಕೆ ಹಣದ ಮಾತು ಬರುತ್ತದೆ. 2020ರಲ್ಲಿ ಕೇಂದ್ರ ಸರಕಾರ ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗೆ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕದ ವೆಚ್ಚದ ಶೇ 35ರಷ್ಟು, 10 ಲಕ್ಷ ರೂಪಾಯಿ ಮೀರದಂತೆ ಸಹಾಯಧನ, ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿ ಬೀಜಧನ ಇಟ್ಟರು. ಅರ್ಜಿ ಹಾಕುವ ಮುಂಚೆ ಈಗಿನ ನಿಯಮ ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ನನ್ನ ಸಲಹೆ ಒಂದೇ: ಯಂತ್ರಕ್ಕೆ ಮೊದಲು ಬೀಜ. ಸುತ್ತಲಿನ ಹೊಲದಲ್ಲಿ ಸಾವಿ ಇಲ್ಲದೆ ಯಂತ್ರ ಬಂದ ಊರಿನಲ್ಲಿ ಯಂತ್ರದ ಮೇಲೆ ಗೋಣಿಚೀಲ ಹೊದಿಸಿದ್ದನ್ನು ನೋಡಿದ್ದೇನೆ. ತೀರ್ಥದವರ ಕೆಲಸ ನಿಂತದ್ದು ಬೀಜ ಮುಂದಿದ್ದದ್ದಕ್ಕೆ.

ಬೆಲೆಯ ಮಾತು ಇನ್ನೂ ಬಗೆಹರಿದಿಲ್ಲ. ಕೇಂದ್ರ ಸರಕಾರ ವರ್ಷಾ ವರ್ಷ ಸಾರುವ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜೋಳ ಇದೆ, ಸಜ್ಜೆ ಇದೆ, ರಾಗಿ ಇದೆ, ಹತ್ತಿಯೂ ಇದೆ. ಸಾವಿ, ನವಣಿ ಇಲ್ಲ. ಸಿರಿಧಾನ್ಯ ವರ್ಷ ಬಂದು ಹೋದ ಮೇಲೂ ಪಟ್ಟಿ ಹಾಗೇ ಇದೆ. ಹಾಗಾಗಿ ಮುಂದಿನ ಮುಂಗಾರಿಗೆ ಕುಂದಗೋಳದ ರೈತ ಕೂರಿಗಿಗೆ ಯಾವ ಬೀಜ ಹಾಕುತ್ತಾನೆ ಅನ್ನುವುದು ಊರಿನ ಘಟಕ ಅವನಿಗೆ ಸುಗ್ಗಿಗೆ ಮುಂಚೆ ಎಷ್ಟು ಬೆಲೆಯ ಮಾತು ಕೊಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಘಟಕ ಆ ಮಾತು ಕೊಡಬೇಕಾದರೆ ಅದಕ್ಕೆ ವರ್ಷವಿಡೀ ಕೊಳ್ಳುವ ಗಿರಾಕಿ ಬೇಕು. ಶಾಲೆಯ ಬಿಸಿಯೂಟ, ಅಂಗನವಾಡಿ, ಹಾಸ್ಟೆಲು ಎಲ್ಲ ನಮ್ಮ ತಾಲೂಕಿನಲ್ಲೇ ಇವೆ, ದಿನಾ ಅಕ್ಕಿ ಬೇಯಿಸುತ್ತವೆ. ಅವುಗಳ ಅಕ್ಕಿ ಬರುವುದು ಬೇರೆ ಕಡೆಯ ಗೋದಾಮಿನಿಂದ.